ಫೆನಿ, ಭಟ್ಟಿ, ಬಾಟಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಬಾಟಲಿ ಮತ್ತು ಲೇಬಲ್ ವಿನ್ಯಾಸ ನನ್ನ ವೃತ್ತಿ. ಚೋರ್ಲಾ ಘಟ್ಟ ಇಳಿದರೆ ಗೋವಾ, ಅಲ್ಲಿನ ಭಟ್ಟಿಗಳೊಡನೆ ನನಗೆ ಕೆಲಸದ ನಂಟು. ಊರಿನ ಪರಿಚಿತರು, ಪತ್ರ ಬರೆಯುವ ಓದುಗರು, ವಿನ್ಯಾಸ ಕಲಿಯುವ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಸರಳವಾದವು ಮೊದಲು, ಬಿಡಿಸಿ ಹೇಳಬೇಕಾದವು ಆಮೇಲೆ.

## ಮೊದಲ ಪರಿಚಯ

ಫೆನಿ ಎಂದರೆ ಗೋವಾದ ಸಾರಾಯಿ ತಾನೇ? ಅದರಲ್ಲಿ ವಿಶೇಷವೇನು?

ನಮ್ಮ ಕಡೆ ಪ್ಯಾಕೆಟ್‌ನಲ್ಲಿ ಮಾರುತ್ತಿದ್ದ ಸಾರಾಯಿಗೂ ಫೆನಿಗೂ ಹುಟ್ಟಿನಲ್ಲೇ ವ್ಯತ್ಯಾಸವಿದೆ. ಆ ಸಾರಾಯಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಮದ್ಯಸಾರವೇ ಆಧಾರ. ಮದ್ಯಸಾರಕ್ಕೆ ನೀರು ಬೆರೆಸಿ ಶಕ್ತಿ ಇಳಿಸಿದರೆ ಸರಕು ಸಿದ್ಧ. ಯಾವ ಹೊಲದ ಕಬ್ಬು, ಯಾರ ಕೈ ಎಂಬುದಕ್ಕೆ ಅಲ್ಲಿ ಬೆಲೆಯಿರಲಿಲ್ಲ. ಫೆನಿಯಾದರೋ ಗೇರುಹಣ್ಣಿನ ರಸ ತಾನಾಗಿ ಹುದುಗಿದ ಮೇಲೆ ಸಣ್ಣ ಹಂಡೆಯಲ್ಲಿ ಬಟ್ಟಿ ಇಳಿಸಿದ ಮದ್ಯ. ಹಣ್ಣಿನ ಕಂಪು, ಆ ವರ್ಷದ ಬಿಸಿಲು, ಭಟ್ಟಿಯವರ ಕೈಗುಣ, ಮೂರೂ ಬಾಟಲಿಯವರೆಗೆ ಬರುತ್ತವೆ. ತೆಂಗಿನ ಫೆನಿ ಎಂಬ ಇನ್ನೊಂದು ಬಗೆಯೂ ಇದೆ. ಅದಕ್ಕೆ ತೆಂಗಿನ ಮರದಿಂದ ಇಳಿಸಿದ ಶೇಂದಿ ಬೇಕು. ಗೋವಾದ ದಕ್ಷಿಣ ಭಾಗದಲ್ಲಿ ಅದರ ಬಳಕೆ ಹೆಚ್ಚು.

ಗೇರು ಖಾನಾಪುರದ ಕಾಡಂಚಿನಲ್ಲೂ ಬೆಳೆಯುತ್ತದೆ. ಹೆಸರು ಮಾತ್ರ ಗೋವಾಕ್ಕೇ ಏಕೆ?

ಗೇರು ಗೋವಾದ ಮೂಲ ಮರವೂ ಅಲ್ಲ, ನಮ್ಮದೂ ಅಲ್ಲ. ಅದರ ತವರು ಬ್ರೆಜಿಲ್. 1510ರಲ್ಲಿ ಪೋರ್ಚುಗೀಸರ ಅಫೊನ್ಸೊ ಡಿ ಅಲ್ಬುಕರ್ಕ್ ಗೋವಾವನ್ನು ವಶಪಡಿಸಿಕೊಂಡಾಗ ಅದು ಯಾರ ಕೈಯಲ್ಲಿತ್ತು ಎಂಬುದನ್ನು ವಿಜಯಪುರದವರಿಗೆ ಹೇಳಬೇಕಾಗಿಲ್ಲ. ಪಣಜಿಯಲ್ಲಿ ಮಾಂಡೋವಿ ದಂಡೆಯ ಹಳೆಯ ಸಚಿವಾಲಯ ಇಂದಿಗೂ ಆದಿಲ್‌ಶಾಹನ ಅರಮನೆ ಎಂದೇ ಹೆಸರಾಗಿದೆ. ಆ ಹದಿನಾರನೆಯ ಶತಮಾನದಲ್ಲೇ ಪೋರ್ಚುಗೀಸರು ಗೇರನ್ನು ಇಲ್ಲಿಗೆ ತಂದರು. ಮರ ಹೊರಗಿನದು, ಹಣ್ಣಿನಿಂದ ಮದ್ಯ ತೆಗೆಯುವ ವಿದ್ಯೆಯನ್ನು ಕಟ್ಟಿ ಬೆಳೆಸಿದ್ದು ಗೋವಾದ ಹಳ್ಳಿಗರು. ಆ ಕಾರಣಕ್ಕೇ ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. 2016ರಲ್ಲಿ ಗೋವಾ ಸರಕಾರ ಅದಕ್ಕೆ ಪರಂಪರೆಯ ಪೇಯದ ಸ್ಥಾನ ಕೊಟ್ಟಿತು. ಖಾನಾಪುರದ ಗೇರುಹಣ್ಣಿನಿಂದ ಅದೇ ಕ್ರಮದಲ್ಲಿ ಮದ್ಯ ಮಾಡಿದರೂ ಅದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಇದು ನ್ಯಾಯವೇ. ಇಳಕಲ್ ಸೀರೆಯ ಹೆಸರಿನಲ್ಲಿ ಬೇರೆಲ್ಲೋ ಯಂತ್ರದಲ್ಲಿ ನೇಯ್ದ ಬಟ್ಟೆ ಬಂದಾಗ ಇಳಕಲ್‌ನ ನೇಕಾರರಿಗೆ ಆಗುವ ನೋವನ್ನು ಬಲ್ಲವರು ಇದನ್ನು ಒಪ್ಪುತ್ತಾರೆ.

ಉರಾಕ್ ಮತ್ತು ಫೆನಿ ಒಂದೇ ಅಲ್ಲವೇ?

ಅಲ್ಲ. ಮೊದಲ ಸಲ ಬಟ್ಟಿ ಇಳಿಸಿದಾಗ ಸಿಗುವುದು ಉರಾಕ್. ಅದರಲ್ಲಿ ಮದ್ಯಸಾರ ಸುಮಾರು ಶೇ 15. ಬೇಸಿಗೆಯಲ್ಲಿ ಮಾತ್ರ ದೊರೆಯುತ್ತದೆ, ಹೆಚ್ಚು ಕಾಲ ಇಡಲು ಬಾರದು. ಅದನ್ನು ಮತ್ತೆ ಭಟ್ಟಿಗೆ ಹಾಕಿ ತೆಗೆದದ್ದು ಫೆನಿ. ಅದರ ಶಕ್ತಿ ಸಾಮಾನ್ಯವಾಗಿ ಶೇ 42ರ ಆಸುಪಾಸು. ಚೆನ್ನಾಗಿ ಮುಚ್ಚಿಟ್ಟರೆ ಫೆನಿ ವರ್ಷಗಟ್ಟಲೆ ಉಳಿಯುತ್ತದೆ.

ಆ ವಾಸನೆ ಕಮ್ಮಿ ಮಾಡಲು ಆಗುವುದಿಲ್ಲವೇ?

ಆಗುತ್ತದೆ, ಆದರೆ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಗೇರುಹಣ್ಣಿಗೇ ಗಾಢವಾದ ಕಂಪಿದೆ, ಒಗರಿದೆ. ದೊಡ್ಡ ಕಾರ್ಖಾನೆಯ ಎತ್ತರದ ಗೋಪುರದಲ್ಲಿ ಪದೇ ಪದೇ ಶುದ್ಧೀಕರಿಸಿದರೆ ಆ ಕಂಪು ಹೊರಟುಹೋಗುತ್ತದೆ. ಹಂಡೆಯ ಭಟ್ಟಿ ಅದನ್ನು ಉಳಿಸಿಕೊಳ್ಳುತ್ತದೆ. ವಾಸನೆ ಇಲ್ಲದ ಫೆನಿ ಬೇಕೆನ್ನುವವರಿಗೆ ವೋಡ್ಕಾ ಇದೆ. ಕೆಟ್ಟ ವಾಸನೆಯ ಮಾತು ಬೇರೆ. ಹೊಗೆ ಹತ್ತಿದ, ತಳ ಹೊತ್ತಿದ ವಾಸನೆ ಬಂದರೆ ಅದು ಕೆಲಸದ ದೋಷ.

## ಭಟ್ಟಿಯಲ್ಲಿ ನಡೆಯುವುದು

ಹಣ್ಣಿನಿಂದ ಬಾಟಲಿಯವರೆಗೆ ಏನೇನು ನಡೆಯುತ್ತದೆ, ಮೊದಲಿನಿಂದ ಹೇಳಿ.

ಕೆಲಸ ಮಾರ್ಚ್ ಹೊತ್ತಿಗೆ ಹುರುಪು ಪಡೆದು ಮೇ ಕೊನೆಗೆ ಮುಗಿಯುತ್ತದೆ. ಮರದಿಂದ ಹಣ್ಣು ಕೀಳುವುದಿಲ್ಲ. ಪೂರ್ತಿ ಕಳಿತು ತಾನಾಗಿ ಬಿದ್ದದ್ದನ್ನು ಬೆಳಿಗ್ಗೆ ಆರಿಸುತ್ತಾರೆ. ತುದಿಗೆ ಚುಚ್ಚುಮೊಳೆ ಇರುವ ಕೋಲಿನಿಂದ ಹೆಕ್ಕುವವರೂ ಉಂಟು. ಬೀಜವನ್ನು ತಿರುವಿ ಬೇರ್ಪಡಿಸಿ, ಹಣ್ಣನ್ನು ಜಂಬಿಟ್ಟಿಗೆ ಬಂಡೆಯಲ್ಲಿ ಕೊರೆದ ತೊಟ್ಟಿಗೆ ಸುರಿಯುತ್ತಾರೆ. ಕೊಂಕಣಿಯಲ್ಲಿ ಅದಕ್ಕೆ ಕೊಳಂಬಿ ಎನ್ನುತ್ತಾರೆ. ಅಲ್ಲಿ ಹಣ್ಣನ್ನು ಕಾಲಿನಿಂದ ತುಳಿಯುತ್ತಾರೆ. ಈಗ ಅನೇಕ ಕಡೆ ಯಂತ್ರ ಬಂದಿದೆ. ತುಳಿದ ಹಿಪ್ಪೆಯನ್ನು ಗುಡ್ಡೆ ಮಾಡಿ, ಬಳ್ಳಿಯಿಂದ ಬಿಗಿದು, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡುತ್ತಾರೆ. ಹಾಗೆ ತೊಟ್ಟಿಕ್ಕುವ ತಿಳಿರಸವೇ ನೀರೊ. ತಣ್ಣಗೆ ಕುಡಿದರೆ ಮಕ್ಕಳಿಗೂ ಹಿರಿಯರಿಗೂ ಇಷ್ಟ. ಅದರಲ್ಲಿ ಮದ್ಯವಿಲ್ಲ, ಆದರೆ ಮಧ್ಯಾಹ್ನದೊಳಗೆ ಹುಳಿಯೇರತೊಡಗುತ್ತದೆ.

ತುಳಿದಾಗ ಹರಿದ ರಸವನ್ನು ಮಣ್ಣಿನ ಕೊಡಗಳಲ್ಲಿ ಮೂರು ದಿನದಷ್ಟು ಬಿಡುತ್ತಾರೆ. ಹೊರಗಿನಿಂದ ಯೀಸ್ಟ್ ಹಾಕುವುದಿಲ್ಲ. ಹಣ್ಣಿನ ಸಿಪ್ಪೆಯ ಮೇಲೂ ಗಾಳಿಯಲ್ಲೂ ಇರುವ ಸೂಕ್ಷ್ಮಜೀವಿಗಳೇ ಸಕ್ಕರೆಯನ್ನು ಮದ್ಯಸಾರವಾಗಿಸುತ್ತವೆ. ರಸ ಕುದಿಯುವಂತೆ ಬುರುಗೆದ್ದು ಆಮೇಲೆ ಶಾಂತವಾಗುತ್ತದೆ. ತಡಮಾಡಿದರೆ ಅದು ವಿನೆಗರ್ ಆಗುವತ್ತ ಜಾರುತ್ತದೆ. ಇಲ್ಲಿ ಗಡಿಯಾರಕ್ಕಿಂತ ಕಿವಿ ಮತ್ತು ಮೂಗು ನಂಬಿಕಸ್ಥ.

ಅನಂತರ ಭಟ್ಟಿ. ಕೆಳಗೆ ಸೌದೆಯ ಉರಿ, ಮೇಲೆ ತಾಮ್ರದ ಹಂಡೆ. ಹಂಡೆಯ ಬಾಯಿಯನ್ನು ಮುಚ್ಚಿ, ಸಂದುಗಳಿಗೆ ಹುತ್ತದ ಮಣ್ಣು ಮೆತ್ತುತ್ತಾರೆ. ಆವಿ ಕೊಳವೆಯ ಮೂಲಕ ಇನ್ನೊಂದು ಪಾತ್ರೆಗೆ ಹೋಗುತ್ತದೆ. ಹಿಂದೆ ಆ ಪಾತ್ರೆಯ ಮೇಲೆ ಒಬ್ಬರು ಕುಳಿತು ತಣ್ಣೀರು ಸುರಿಯುತ್ತಲೇ ಇರಬೇಕಿತ್ತು. ಈಗ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ ಸುರುಳಿ ಕೊಳವೆ ಆ ಕೆಲಸ ಮಾಡುತ್ತದೆ. ಮದ್ಯಸಾರ ಸುಮಾರು 78 ಡಿಗ್ರಿಯಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಈ ಅಂತರದ ಮೇಲೆಯೇ ಬಟ್ಟಿ ಇಳಿಸುವ ವಿದ್ಯೆಯೆಲ್ಲ ನಿಂತಿದೆ. ಉರಿ ಹೆಚ್ಚಾದರೆ ಹಂಡೆಯಲ್ಲಿನ ರಸವೇ ಉಕ್ಕಿ ಕೊಳವೆಗೆ ನುಗ್ಗುತ್ತದೆ, ಕಡಿಮೆಯಾದರೆ ಆವಿ ಏಳುವುದಿಲ್ಲ. ಆದುದರಿಂದ ಉರಿ ನೋಡುವವರು ಭಟ್ಟಿ ಬಿಟ್ಟು ಕದಲುವುದಿಲ್ಲ. ಮೊದಲು ಬಂದ ಉರಾಕ್‌ಗೆ ಹುದುಗಿದ ರಸ ಬೆರೆಸಿ ಮತ್ತೊಮ್ಮೆ ಇಳಿಸಿದರೆ ಫೆನಿ.

ಉಪಕರಣವಿಲ್ಲದೆ ಶಕ್ತಿಯನ್ನು ಹೇಗೆ ತಿಳಿಯುತ್ತಾರೆ?

ಸಣ್ಣ ಗಾಜಿನ ಲೋಟಕ್ಕೆ ಸ್ವಲ್ಪ ಹಾಕಿ ಅಲ್ಲಾಡಿಸುತ್ತಾರೆ. ಮೇಲೇಳುವ ಗುಳ್ಳೆಗಳ ಗಾತ್ರ, ಅವು ನಿಲ್ಲುವ ಹೊತ್ತು ನೋಡಿ ಹೇಳುತ್ತಾರೆ. ಇಂದು ಬಹುತೇಕ ಭಟ್ಟಿಗಳಲ್ಲಿ ಗಾಜಿನ ಮಾಪಕವೂ ಇರುತ್ತದೆ. ಅದರ ಅಂಕೆಯನ್ನು ಪೋರ್ಚುಗೀಸರ ಕಾಲದಿಂದ ಗ್ರಾವ್ ಎಂದು ಕರೆಯುವ ರೂಢಿ. ಬಾಟಲಿಗೆ ಹೋಗುವ ಮೊದಲು ಪ್ರಯೋಗಾಲಯದ ಪರೀಕ್ಷೆ ಹೇಗೂ ಇದೆ.

ಕಳ್ಳಭಟ್ಟಿ ಕುಡಿದು ಜನ ಸಾಯುವುದೇಕೆ? ಫೆನಿಯಲ್ಲೂ ಆ ಅಪಾಯವಿಲ್ಲವೇ?

1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಕಳ್ಳಭಟ್ಟಿಗೆ ಬಲಿಯಾದರು. 2008ರ ಮೇ ತಿಂಗಳಲ್ಲಿ ಮತ್ತೆ ಅಂಥದೇ ದುರಂತ. ಇಂತಹ ಸಾವುಗಳ ಹಿಂದೆ ಇರುವುದು ಮೆಥನಾಲ್. ಕೈಗಾರಿಕೆಗೆಂದು ತಯಾರಾದ ಈ ವಿಷವನ್ನು ದುಡ್ಡಿನಾಸೆಗೆ ಕಳ್ಳಮದ್ಯಕ್ಕೆ ಬೆರೆಸುತ್ತಾರೆ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣನ್ನು, ಆಮೇಲೆ ಜೀವವನ್ನು ತೆಗೆಯುತ್ತದೆ. ಹಣ್ಣಿನ ರಸ ಹುದುಗುವಾಗಲೂ ಪೆಕ್ಟಿನ್‌ನಿಂದ ಅಲ್ಪ ಪ್ರಮಾಣದ ಮೆಥನಾಲ್ ಹುಟ್ಟುತ್ತದೆ. ಭಟ್ಟಿಯಿಂದ ಮೊದಲು ಬರುವ ತೀಕ್ಷ್ಣ ಭಾಗವನ್ನು ಬೇರೆ ತೆಗೆಯುವುದು, ಪರೀಕ್ಷೆ ಮಾಡಿಸುವುದು, ಪರವಾನಗಿ ಇರುವ ಭಟ್ಟಿಯ ಸರಕನ್ನೇ ಮಾರುವುದು ಇದೇ ಕಾರಣಕ್ಕೆ. ಕಳ್ಳಮದ್ಯ ಕುಡಿದವರಿಗೆ ಕಣ್ಣು ಮಂಜಾದರೆ, ವಾಂತಿ, ಹೊಟ್ಟೆನೋವು ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಪೊಲೀಸರ ಹೆದರಿಕೆಯಿಂದ ಮನೆಯಲ್ಲೇ ಇಟ್ಟುಕೊಂಡದ್ದರಿಂದ ಹೋದ ಜೀವಗಳಿವೆ.

ಮನೆಯಲ್ಲೇ ಸ್ವಲ್ಪ ಮಾಡಿ ನೋಡಬಹುದೇ?

ಬೇಡ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಮನೆಬಳಕೆಗೆ ಎಂಬ ವಿನಾಯಿತಿ ಬಟ್ಟಿ ಇಳಿಸುವುದಕ್ಕೆ ಇಲ್ಲ. ಬೆಂಕಿಯ ಅಪಾಯವೂ ಸಣ್ಣದಲ್ಲ, ಆ ಆವಿ ಕಿಡಿ ತಗುಲಿದರೆ ಹೊತ್ತುತ್ತದೆ.

ಗೋವಾಕ್ಕೆ ಹೋದಾಗ ಬೆಳಗಾವಿಗೆ ನಾಲ್ಕು ಬಾಟಲಿ ತರಬಹುದೇ?

ಗೋವಾದ ಅಂಗಡಿಯವರು ಕೊಡುವ ಚೀಟಿ ಕರ್ನಾಟಕದ ಪರವಾನಗಿಯಲ್ಲ. ಕಣಕುಂಬಿಯಲ್ಲಿ ಬಸ್ಸು, ಕಾರು ತಪಾಸಣೆ ಮಾಡುವುದು ಇದಕ್ಕಾಗಿಯೇ. ನಮ್ಮ ರಾಜ್ಯದ ಸುಂಕ ಕಟ್ಟದ ಮದ್ಯ ತರುವ ಮೊದಲು ಅಬಕಾರಿ ಇಲಾಖೆಯ ಕಚೇರಿಯಲ್ಲಿ ಕೇಳಿ.

## ಬಾಟಲಿಯ ಮಾತು

ಗೋವಾದ ಹಳೆಯ ಮನೆಗಳಲ್ಲಿ ಕಾಣುವ ಆ ದೊಡ್ಡ ಹೊಟ್ಟೆಯ ಗಾಜಿನ ಬುಡ್ಡಿ ಏನು?

ಅದು ಗರಾಫಾವ್. ಪೋರ್ಚುಗೀಸರ ಕಾಲದಲ್ಲಿ ವೈನ್ ತುಂಬಿಕೊಂಡು ಹಡಗಿನಲ್ಲಿ ಬರುತ್ತಿದ್ದ ಬುಡ್ಡಿ. ಖಾಲಿಯಾದ ಮೇಲೆ ಗೋವಾದವರು ಅದರಲ್ಲಿ ಫೆನಿ ತುಂಬಿದರು. ಬಾಯಿಂದ ಊದಿ ಮಾಡಿದ ಗಾಜಾದ್ದರಿಂದ ಒಂದರಂತೆ ಇನ್ನೊಂದಿಲ್ಲ. ಒಡೆಯಬಾರದೆಂದು ಬೆತ್ತದ ಹೆಣಿಗೆಯ ಬುಟ್ಟಿ ತೊಡಿಸುತ್ತಿದ್ದರು. ಫೆನಿಯನ್ನು ಗಾಜಿನಲ್ಲಿ ಇಟ್ಟರೆ ಅದರ ಕಂಪಿಗೆ ಮರದ ರುಚಿ ಬೆರೆಯುವುದಿಲ್ಲ, ಬಣ್ಣ ತಿಳಿಯಾಗಿಯೇ ಇರುತ್ತದೆ. ಕಾಂದೋಳಿಯ ‘ಆಲ್ ಅಬೌಟ್ ಆಲ್ಕೋಹಾಲ್’ ವಸ್ತುಸಂಗ್ರಹಾಲಯದಲ್ಲಿ ಇಂಥವನ್ನು ನೋಡಬಹುದು. ನನ್ನ ಮಟ್ಟಿಗೆ ವಿನ್ಯಾಸದ ಮೊದಲ ಪಾಠ ಅಲ್ಲಿದೆ: ಆ ಬೆತ್ತವನ್ನು ಯಾರೂ ಅಲಂಕಾರಕ್ಕೆಂದು ಹೆಣೆದಿರಲಿಲ್ಲ.

ಬಾಟಲಿ ಚೆಂದವಿದ್ದರೆ ಒಳಗಿನದು ಚೆನ್ನಾಗಿರುತ್ತದೆಯೇ? ಇಷ್ಟು ದುಡ್ಡು ಬಾಟಲಿಗೆ ಏಕೆ?

ಬಾಟಲಿ ರುಚಿಯನ್ನು ಹೆಚ್ಚಿಸುವುದಿಲ್ಲ. ಆದರೆ ಕೆಲವು ಬಾಟಲಿಗಳು ಮಾಡಿದವರ ಊರನ್ನು ಜೊತೆಗೆ ಒಯ್ಯುತ್ತವೆ. ಮೆಕ್ಸಿಕೋದ ಕ್ಲಾಸೆ ಅಸೂಲ್ ಎಂಬ ತೆಕಿಲಾದ ಪಿಂಗಾಣಿ ಬಾಟಲಿಯನ್ನು ಸಾಂತಾ ಮಾರಿಯಾ ಕಂಚೆಸ್ದಾ ಎಂಬ ಊರಿನ ಕುಶಲಕರ್ಮಿಗಳು ಕೈಯಿಂದಲೇ ಮಾಡಿ ಚಿತ್ರ ಬರೆಯುತ್ತಾರೆ. ಬಾಟಲಿಯಿಂದಲೇ ಒಂದು ಊರಿಗೆ ಉದ್ಯೋಗ ಸಿಕ್ಕಿದೆ. ಚೀನಾದ ಗ್ವಿಜೌ ಪ್ರಾಂತದ ಮೌತಾಯಿ ಬಿಳಿ ಬಾಟಲಿಗೆ ಕೆಂಪು ಪಟ್ಟಿ ಕಟ್ಟಿಕೊಂಡೇ ಬರುತ್ತದೆ, ದೂರದಿಂದಲೂ ಗುರುತು ಸಿಗುತ್ತದೆ. ಯಾವ ಬಾಟಲಿ ಕಂಡರೂ ನಾನು ಕೇಳುವ ಪ್ರಶ್ನೆ ಒಂದೇ: ಹೊರಗಿನ ಚಿತ್ರದಿಂದ ಆ ಚಿತ್ರದ ಕಲೆಗಾರರಿಗೆ ಕೂಲಿ ಸಿಕ್ಕಿದೆಯೇ? ಸಿಕ್ಕಿಲ್ಲವಾದರೆ ಅದು ಎರವಲು ಅಲಂಕಾರ.

ಇಳಕಲ್ ಸೀರೆಯ ದಡಿ, ಕಸೂತಿ ಇವನ್ನು ಲೇಬಲ್ ಮೇಲೆ ಹಾಕಿದರೆ ತಪ್ಪೇನು?

ತಪ್ಪಿಲ್ಲ, ಆದರೆ ಬಹಳ ಮಂದಿ ಹಾಕುವ ರೀತಿ ಸರಿಯಿಲ್ಲ. ಇಂಟರ್ನೆಟ್‌ನಿಂದ ಒಂದು ಚಿತ್ರ ಎತ್ತಿಕೊಂಡು ಲೇಬಲ್‌ನ ಅಗಲಕ್ಕೆ ಎಳೆದು ಹಿಗ್ಗಿಸುತ್ತಾರೆ. ಕಸೂತಿಗೆ ಮೊದಲೇ ಬರೆದ ನಕ್ಷೆ ಇರುವುದಿಲ್ಲ, ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಗೆ ಹಾಕುತ್ತಾರೆ. ಹಿಗ್ಗಿಸಿದ ತಕ್ಷಣ ಎಣಿಕೆ ಕೆಟ್ಟು ಗೋಪುರ ಸೊಟ್ಟಗಾಗುತ್ತದೆ, ತೇರು ವಾಲುತ್ತದೆ. ಕಸೂತಿ ಹಾಕುವ ಹೆಣ್ಣುಮಗಳು ನೋಡಿದ ಕೂಡಲೇ ಹಿಡಿಯುತ್ತಾಳೆ.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳಿವೆ. ಗವಂತಿ ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ. ತಿಳಿಯಾದ ಫೆನಿ ತುಂಬಿದ ಪಾರದರ್ಶಕ ಬಾಟಲಿಯಲ್ಲಿ ಹಿಂಬದಿಯ ಲೇಬಲ್‌ನ ಒಳಮೈ ಮುಂದಿನಿಂದ ಕಾಣುತ್ತದೆಯಲ್ಲ, ಅಲ್ಲಿ ಗವಂತಿಯಷ್ಟು ಹೊಂದುವ ವಿನ್ಯಾಸ ಇನ್ನೊಂದಿಲ್ಲ. ಕಲೆಯ ಸ್ವಭಾವ ಅರಿತು ಬಳಸುವುದು ಎಂದರೆ ಇದು. ಇಳಕಲ್‌ನದೂ ಹಾಗೆಯೇ. ಅಲ್ಲಿ ಮೈಯ ಹಾಸನ್ನು ಸೆರಗಿನ ಹಾಸಿನೊಡನೆ ಕೊಂಡಿ ಹಾಕಿ ಜೋಡಿಸುತ್ತಾರೆ. ಬಾಟಲಿಯಲ್ಲಿ ಕುತ್ತಿಗೆ ಮೈಗೆ ಸೇರುವ ಜಾಗ ಅಂಥದು. ಮೈಯನ್ನು ಖಾಲಿ ಬಿಟ್ಟು, ಆ ಸೇರುವ ಗೆರೆಯಲ್ಲಿ ಇಳಕಲ್ ಸೆರಗಿನ ತೋಪು ತೆನೆ ವಿನ್ಯಾಸದ ಕೆಂಪು–ಬಿಳುಪನ್ನು ತಂದರೆ ಸಾಕು. ಇಡೀ ಬಾಟಲಿಗೆ ಸೀರೆ ಉಡಿಸಬೇಕಾಗಿಲ್ಲ.

ಕಾನೂನಿನ ಮಾತೂ ಇದೆ. ಇಳಕಲ್ ಸೀರೆ, ಕಸೂತಿ ಎರಡಕ್ಕೂ ಭೌಗೋಳಿಕ ಸೂಚಕವಿದೆ. ಈ ಹೆಸರುಗಳನ್ನು ಮಾರಾಟದ ಗುರುತಾಗಿ ಬಾಟಲಿಯ ಮೇಲೆ ಬಳಸುವ ಮೊದಲು ನೋಂದಾಯಿತ ಹಕ್ಕುದಾರರನ್ನೂ ವಕೀಲರನ್ನೂ ಕೇಳಿ.

ದೇವರ, ಶರಣರ, ಗೋಳಗುಮ್ಮಟದ ಚಿತ್ರ ಹಾಕಬಹುದೇ?

ದೇವರು, ಶರಣರು, ಸೂಫಿ ಸಂತರು ಯಾರೂ ಬೇಡ. ಧಾರ್ಮಿಕ ಭಾವನೆಗೆ ನೋವಾಗುವ ಗುರುತನ್ನು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ನೋಂದಾಯಿಸಲು ಬಿಡುವುದಿಲ್ಲ. ಕಾಯ್ದೆ ಇಲ್ಲದಿದ್ದರೂ ನಾನು ಮಾಡುವುದಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರ ಮನಸ್ಸು ನನಗೆ ಯಾವ ಗಿರಾಕಿಗಿಂತಲೂ ದೊಡ್ಡದು. ಗೋಳಗುಮ್ಮಟ ಒಂದು ಸಮಾಧಿ, ಮುಹಮ್ಮದ್ ಆದಿಲ್‌ಶಾಹ ಅಲ್ಲಿ ಮಲಗಿದ್ದಾನೆ. ಮದ್ಯದ ಬಾಟಲಿಗೆ ಅದು ಸಲ್ಲದು.

ಖಾನಾಪುರದ ಮಣ್ಣಿನಲ್ಲಿ ಬಾಟಲಿ ಮಾಡಿಸಿದರೆ ಹೇಗೆ?

ಈ ಪ್ರಶ್ನೆ ಕೇಳಿದವರನ್ನೆಲ್ಲ ಕೂರಿಸಿ ಮಾತನಾಡಿಸುವ ಆಸೆ ನನಗೆ. ಖಾನಾಪುರದಲ್ಲಿ ಕುಂಬಾರಿಕೆ ತರಬೇತಿಯ ಕೇಂದ್ರ ಸಂಸ್ಥೆಯೇ ಇದೆ, ಕೈಗಳಿವೆ, ಮಣ್ಣಿದೆ. ಆದರೆ ಸಾಮಾನ್ಯ ಮಡಕೆಯ ಮಣ್ಣು ಸುಟ್ಟ ಮೇಲೂ ರಂಧ್ರಮಯವಾಗಿಯೇ ಇರುತ್ತದೆ. ನೀರನ್ನು ತಂಪಾಗಿಡುವ ಅದೇ ಗುಣ ಮದ್ಯಕ್ಕೆ ಶತ್ರು, ಮೆಲ್ಲಗೆ ಒಸರಿ ಆರಿಹೋಗುತ್ತದೆ. ಹಾಗಾಗಿ ಸುಮಾರು 1,200 ಡಿಗ್ರಿ ಅಥವಾ ಅದಕ್ಕೂ ಮೇಲಿನ ಶಾಖದಲ್ಲಿ ಸುಟ್ಟು ಗಟ್ಟಿಯಾಗುವ ಕಲ್ಲುಮಣ್ಣಿನ ಪಾತ್ರೆ ಬೇಕು, ಒಳಗೆ ಮೆರುಗು ಬೇಕು. ಮೆರುಗಿನಲ್ಲಿ ಸೀಸ ಇರಲೇಬಾರದು. ಆಮ್ಲ ಮತ್ತು ಮದ್ಯ ಅದನ್ನು ಕರಗಿಸಿ ಹೊರತೆಗೆಯುತ್ತವೆ. ಪ್ರತಿ ಬ್ಯಾಚಿನ ಮಾದರಿಯನ್ನೂ ಪರೀಕ್ಷೆಗೆ ಕಳಿಸಬೇಕು.

ಅಳತೆ ಎರಡನೆಯ ತೊಡಕು. ಮಣ್ಣು ಸುಡುವಾಗ ಕುಗ್ಗುತ್ತದೆ, ಒಂದೊಂದು ಬಾಟಲಿ ಒಂದೊಂದು ಪ್ರಮಾಣದಲ್ಲಿ. ಕಾನೂನು 750 ಮಿಲಿಲೀಟರ್ ಎಂದರೆ ಅಷ್ಟು ಇರಲೇಬೇಕು. ಬಾಟಲಿಯನ್ನು ಸ್ವಲ್ಪ ದೊಡ್ಡದಾಗಿ ಮಾಡಿ, ಅಳೆದು ತುಂಬಿ, ಮೇಲೆ ಜಾಗ ಬಿಡುವುದು ಪರಿಹಾರ. ಬಿರಡೆ ಕೂರುವ ಬಾಯಿಯ ಒಳಸುತ್ತು ಮಾತ್ರ ಎಲ್ಲದರಲ್ಲೂ ಒಂದೇ ಇರಬೇಕು. ಗೋಕಾಕದ ಮರದ ಬೊಂಬೆ ಮಾಡುವವರಿಂದ ಬಿರಡೆಯ ತಲೆ ಕಡೆಸಬಹುದು, ಅದರ ಕೆಳಗೆ ಬೆಂಡು. ಒಟ್ಟಾರೆ ಖರ್ಚು ಗಾಜಿನದಕ್ಕಿಂತ ಬಹಳ ಹೆಚ್ಚು. ಸಣ್ಣ ಸಂಖ್ಯೆಯಲ್ಲಿ, ಖಾಲಿಯಾದ ಮೇಲೂ ಮನೆಯಲ್ಲಿ ಉಳಿಯುವ ವಸ್ತುವಾಗಿ ಮಾಡಿದರೆ ಮಾತ್ರ ಗಿಟ್ಟುತ್ತದೆ.

ಲೇಬಲ್ ಮೇಲೆ ಕಡ್ಡಾಯವಾಗಿ ಏನಿರಬೇಕು?

ಮದ್ಯಸಾರದ ಶೇಕಡಾವಾರು, ನಿವ್ವಳ ಪ್ರಮಾಣ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ. ಇವುಗಳ ಜೊತೆಗೆ ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎಂಬ ಎಚ್ಚರಿಕೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳ ಪ್ರಕಾರ 200 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿ ಈ ಎಚ್ಚರಿಕೆಯ ಅಕ್ಷರ ಕನಿಷ್ಠ 3 ಮಿಲಿಮೀಟರ್ ಎತ್ತರ ಇರಬೇಕು. ಆರೋಗ್ಯಕ್ಕೆ ಒಳ್ಳೆಯದು ಎಂದು ಬರೆಯುವಂತಿಲ್ಲ. ಎಚ್ಚರಿಕೆಯನ್ನು ಹಿಂಬದಿಯ ಮೂಲೆಯಲ್ಲಿ ಮಸುಕು ಬಣ್ಣದಲ್ಲಿ ಅಡಗಿಸಲು ಹೇಳುವ ಗಿರಾಕಿಗಳ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

## ಇನ್ನೂ ಆಳಕ್ಕೆ

ಗೋವಾದಲ್ಲಿ ಉಳಿದ ವಿದ್ಯೆ ನಮ್ಮಲ್ಲಿ ಏಕೆ ಉಳಿಯಲಿಲ್ಲ?

ಜನ ಮರೆತದ್ದರಿಂದ ಅಲ್ಲ. ಬೆಳಗಾವಿ, ವಿಜಯಪುರ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದವು, ಇಂದಿನ ಬಾಗಲಕೋಟೆ ಆಗ ವಿಜಯಪುರದ ಭಾಗ. 1878ರ ಬಾಂಬೆ ಅಬಕಾರಿ ಕಾಯ್ದೆ ಹಳ್ಳಿಯ ಸಣ್ಣ ಭಟ್ಟಿಗಳನ್ನು ಹಿಂಡಿ, ತಯಾರಿಕೆಯನ್ನು ಸರಕಾರದ ಕಣ್ಣಳತೆಯ ದೊಡ್ಡ ಡಿಸ್ಟಿಲರಿಗಳಿಗೆ ಸೇರಿಸಿತು. ಸುಂಕ ವಸೂಲಿಗೆ ಅದು ಸುಲಭದ ದಾರಿ. 1949ರ ಪಾನನಿಷೇಧ ಕಾಯ್ದೆ ಉಳಿದದ್ದನ್ನೂ ಮುಚ್ಚಿಸಿತು. 1956ರಲ್ಲಿ ನಾವು ಕನ್ನಡ ನಾಡಿಗೆ ಸೇರುವ ಹೊತ್ತಿಗೆ ಕೈಬಲ್ಲವರ ಮುಂದೆ ಎರಡೇ ದಾರಿ: ಬಿಡುವುದು, ಇಲ್ಲವೇ ಕದ್ದು ಮಾಡುವುದು. ಗೋವಾದಲ್ಲಿ ಸುಂಕವಿರಲಿಲ್ಲವೆಂದಲ್ಲ. ಅಲ್ಲಿ ಇಂದಿಗೂ ಗೇರು ವಲಯಗಳನ್ನು ಹರಾಜು ಹಾಕಿ, ಸಣ್ಣ ಭಟ್ಟಿಗೂ ಪರವಾನಗಿ ಕೊಡುತ್ತಾರೆ. ಬೆಳಕಿನಲ್ಲಿ ಮಾಡಲು ಬಿಟ್ಟ ವಿದ್ಯೆ ಸುಧಾರಿಸುತ್ತಾ ಹೋಗುತ್ತದೆ.

ನಮ್ಮ ಬೆಲ್ಲ, ನಮ್ಮ ದ್ರಾಕ್ಷಿ ಇರುವಾಗ ಗೋವಾದ ಕಡೆ ಏಕೆ ನೋಡಬೇಕು?

ದ್ರಾಕ್ಷಿಗೆ ದಾರಿ ತೆರೆದಿದೆ. 2007ರ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ನಂತರ ವಿಜಯಪುರದ ಕಡೆಯೂ ವೈನ್ ದ್ರಾಕ್ಷಿ ಬೆಳೆದವರಿದ್ದಾರೆ. ಹೆಚ್ಚಿನ ಬೆಳೆ ಇಂದಿಗೂ ಒಣದ್ರಾಕ್ಷಿಗೇ ಹೋಗುತ್ತದೆ, ರೈತನಿಗೆ ಅದರ ಲೆಕ್ಕ ಖಚಿತ.

ಬೆಲ್ಲದ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಮಹಾಲಿಂಗಪುರ, ಮುಧೋಳದ ಬೆಲ್ಲಕ್ಕೆ ಇರುವ ಹೆಸರು ಎಲ್ಲರಿಗೂ ಗೊತ್ತು. ಭಾರತದ ರಮ್‌ಗಳಲ್ಲಿ ಬಹುಪಾಲು ಕಾಕಂಬಿಯಿಂದ ಬಂದವು. ಕಾಕಂಬಿ ಎಂದರೆ ಸಕ್ಕರೆ ತೆಗೆದ ಮೇಲಿನ ಉಳಿಕೆ. ಬೆಲ್ಲದಲ್ಲಿ ಕಬ್ಬಿನ ರಸದ ಸಾರವೆಲ್ಲ ಇರುವುದರಿಂದ ಅದರ ಮದ್ಯಕ್ಕೆ ಬೇರೆಯೇ ರುಚಿ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ‘ಬೆಲ್ಲ’ ಎಂಬ ಕನ್ನಡ ಹೆಸರಿನಲ್ಲೇ ಬೆಲ್ಲದ ರಮ್ ತಂದಿದೆ. ಆದರೆ ಆಲೆಮನೆಯ ಪಕ್ಕದಲ್ಲೇ ಪರವಾನಗಿ ಪಡೆದ ಸಣ್ಣ ಭಟ್ಟಿ ನಡೆಸುವ ಅವಕಾಶ ನಮ್ಮ ರೈತರಿಗೆ ಇಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಗಿದೆ, ದೊಡ್ಡ ಬಂಡವಾಳದ ಡಿಸ್ಟಿಲರಿಗಳಷ್ಟೇ ಉಳಿದಿವೆ. ಬಿಗಿಯಾದ ಪರೀಕ್ಷೆ, ಮಿತಿಯಾದ ಪ್ರಮಾಣ, ಹೆಚ್ಚು ಬೆಲೆ, ಈ ಮೂರು ಷರತ್ತಿನಲ್ಲಿ ಸಣ್ಣ ಭಟ್ಟಿಗೆ ಅವಕಾಶ ಕೊಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಕುಡಿತದಿಂದ ಹಾಳಾದ ಮನೆಗಳು ನಮ್ಮ ಓಣಿಯಲ್ಲೇ ಇವೆ. ಇದನ್ನು ಕಲೆ ಎಂದು ಹೊಗಳುವುದು ಸರಿಯೇ, ಅಣ್ಣಾ?

ತಂಗಿ, ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು. ಸಾರಾಯಿ ಅಂಗಡಿಗಳ ಮುಂದೆ ಕುಳಿತು ಹೋರಾಡಿದ ಹೆಂಗಸರ ಸಿಟ್ಟು ನ್ಯಾಯವಾದದ್ದು. ಕೂಲಿಯ ದುಡ್ಡು ಮನೆಗೆ ಬರುವ ಮೊದಲೇ ಕರಗಿಹೋಗುವಷ್ಟು ಅಗ್ಗವಾಗಿ, ಬೀದಿಬೀದಿಯಲ್ಲಿ ಸಿಗುವ ಮದ್ಯವೇ ಮನೆ ಮುರಿಯುವುದು. ಹಂಗಾಮಿನಲ್ಲಿ ಸ್ವಲ್ಪವೇ ತಯಾರಾಗುವ, ಬೆಲೆ ಹೆಚ್ಚಿರುವ ಫೆನಿಯೂ ಮದ್ಯವೇ. ಅದರ ಹಾನಿಯನ್ನು ನಾನು ಅಲ್ಲಗಳೆಯುವುದಿಲ್ಲ, ಯಾರಿಗೂ ಕುಡಿಯಿರಿ ಎಂದು ಹೇಳುವುದಿಲ್ಲ. ಹಣ್ಣು ಹೆಕ್ಕುವವರ, ಉರಿ ನೋಡುವವರ, ಗಾಜು ಊದುವವರ ದುಡಿಮೆಗೆ ಗೌರವ ಸಿಗಲಿ ಎಂಬುದಷ್ಟೇ ನನ್ನ ಕಾಳಜಿ. ನಿಮ್ಮ ಓಣಿಯ ನೋವಿಗೆ ಇದು ಪರಿಹಾರವಲ್ಲವೆಂದೂ ಗೊತ್ತಿದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಟವಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ, ಅದಕ್ಕೆ ಚಿಕಿತ್ಸೆ ಇದೆ.

ನಾನು ವಿನ್ಯಾಸದ ವಿದ್ಯಾರ್ಥಿನಿ, ಬಾಗಲಕೋಟೆಯವಳು. ಇಂತಹ ಬಾಟಲಿ ವಿನ್ಯಾಸ ಮಾಡಲು ಎಲ್ಲಿಂದ ಆರಂಭಿಸಲಿ?

ಮದ್ಯದಿಂದ ಬೇಡ. ಮೊದಲು ಬೆಲ್ಲದ ಪಾಕ, ಜೇನು, ಕುಸುಬೆ ಎಣ್ಣೆಯ ಬಾಟಲಿ ಮಾಡಿ, ಪರವಾನಗಿಯ ತೊಡಕಿಲ್ಲದೆ ಕೈ ಪಳಗುತ್ತದೆ. ಗುಳೇದಗುಡ್ಡ, ಇಳಕಲ್ ಎರಡೂ ನಿಮ್ಮ ಜಿಲ್ಲೆಯಲ್ಲೇ ಇವೆ. ಮಗ್ಗದ ಮುಂದೆ ಕುಳಿತು ಚಿಕ್ಕಿ ಪಾರಸ, ಗೋಮಿ ದಡಿಗಳನ್ನು ಗ್ರಾಫ್ ಹಾಳೆಯ ಮೇಲೆ ಎಳೆ ಎಣಿಸಿ ಬರೆದುಕೊಳ್ಳಿ, ಫೋಟೊ ತೆಗೆದುಕೊಂಡು ಬರಬೇಡಿ. ಬಾಟಲಿಯ ಆಕಾರವನ್ನು ಮೊದಲು ಜೇಡಿಮಣ್ಣಿನಲ್ಲಿ ಮಾಡಿ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಕಂಪ್ಯೂಟರ್. ಬರೆದ ಒಪ್ಪಂದದಲ್ಲಿ ನೇಕಾರರ ಅಥವಾ ಕಸೂತಿಯವರ ಹೆಸರು ಮತ್ತು ಪಾಲು ಎರಡನ್ನೂ ನಮೂದಿಸಿ, ಅವರ ಹೆಸರು ಲೇಬಲ್ ಮೇಲೆ ಬರುವಂತೆ ಗಿರಾಕಿಯಿಂದ ಮೊದಲೇ ಒಪ್ಪಿಗೆ ಪಡೆಯಿರಿ. ಮುದ್ರಣಕ್ಕೆ ಕಳಿಸುವ ಮುನ್ನ ಮಾದರಿಯನ್ನು ಅವರಿಗೇ ತೋರಿಸಿ. ಅವರು ಎಣಿಕೆ ತಪ್ಪಿದೆ ಎಂದರೆ ತಿದ್ದಿ.